ತೊಂಬತ್ತಾರು ಗುಳಿ

ಅಳಗುಳಿಮಣೆಗೆ ಹದಿನಾಲ್ಕು, ನಮ್ಮ ತಟ್ಟೆಗೆ ತೊಂಬತ್ತಾರು.
ಹುಣಸೆಬೀಜದ ಬದಲು ಒಂದೊಂದರಲ್ಲೂ
ಯಾರದೋ ರಕ್ತದ ತಿಳಿ.
ಸೋಮವಾರ, ರಕ್ತನಿಧಿಯ ಹಿಂದಿನ ಕೋಣೆ,
ಪಿ.ಬಿ. ರಸ್ತೆಯ ಲಾರಿ ಹಾರ್ನು ಗಾಜಿಗೆ ಬಡಿದು ವಾಪಸು.
ಕೊನೆಗೆ ಆಮ್ಲದ ಹನಿ ಬಿಟ್ಟೆ.
ನಾವೇ ಇಟ್ಟ ಸಾಕ್ಷಿಯ ಗುಳಿ ಹಳದಿಯಾಯಿತು, ಆಗಲೇಬೇಕು.
ಅದರಿಂದ ದೂರ, ಏಳನೇ ಸಾಲಿನಲ್ಲಿ,
ಇನ್ನೊಂದು.

ಕಾಮಾಲೆ ಕಣ್ಣಿಗೆ ಊರೆಲ್ಲ ಹಳದಿ ಅಂತಾರೆ.
ಇವನ ಕಣ್ಣು ಬೆಳ್ಳಗಿತ್ತು. ನಾನೇ ನೋಡಿದ್ದೆ,
ಶಿಬಿರದಲ್ಲಿ ಕೊಟ್ಟ ಬಿಸ್ಕತ್ತು ಜೇಬಿಗಿಟ್ಟು
"ಮನೆಯಾಕಿಗ್ರಿ, ಈಗ ಬಾಯಿ ಚಪಲ" ಅಂದಾಗ.

ಮತ್ತೆ ಮಾಡಿದೆ. ಮತ್ತೆ ಹಳದಿ.
ಜಬೀವುಲ್ಲಾ, ಇಪ್ಪತ್ತೊಂಬತ್ತು, ಮಂಡಕ್ಕಿ ಭಟ್ಟಿ, ಬಿ ಪಾಸಿಟಿವ್.
ನಗು ಬಂತು, ಬರಬಾರದ ನಗು:
ಗುಂಪೂ ಬಿ, ಜಡ್ಡೂ ಬಿ.

ಫೋನಿನಲ್ಲಿ ಹೇಳುವಂತಿಲ್ಲ.
"ಒಂದ್ಸಲ ಬಂದು ಹೋಗ್ರಿ" ಅಂದೆ.
ಅವನ ಹಿಂದೆ ಕಾದ ಮರಳಲ್ಲಿ ಅಕ್ಕಿ ಚಟಪಟ.
"ಯಾಕ್ರಿ ಮೇಡಂ, ನನ್ ರಕ್ತ ಯಾರಿಗೂ ಹತ್ಲಿಲ್ಲೇನು?"

ಬಂದ, ಮೊಣಕೈವರೆಗೂ ಹೊಟ್ಟಿನ ಬೂದಿ.
ಯಕೃತ್ತು ಅಂದೆ, ತಿಳಿಯಲಿಲ್ಲ. ಲಿವರ್ ಅಂದೆ, ತಿಳಿಯಿತು.
"ನಾನು ಕುಡಿಯಂಗಿಲ್ರಿ" ಅಂದ
ಮೂರು ಸಲ, ಆಣೆ ಇಡುವವನ ಹಾಗೆ.

ಆ ಮಾತು ನನಗೆ ಗೊತ್ತು.
ಕಾಟನ್ ಮಿಲ್ಲಿನ ರಾತ್ರಿಪಾಳಿಗೆ ಚಹಾ ಒಂದೇ ಕುಡಿದವನು ನಮ್ಮಪ್ಪ.
ಹೊಟ್ಟೆ ಉಬ್ಬಿ, ಕಾಲು ಬಾತು ಹೋದಾಗ
ಓಣಿ ಹೆಣದ ಮುಂದೆಯೇ ಅಂದಿತು: ಕುಡಿದು ಕುಡಿದು.
ಅಮ್ಮ ಬಗ್ಗಿ ಅವನ ಬಾಯಿ ಮೂಸಿ ನೋಡಿದಳು,
ಇಪ್ಪತ್ತು ವರ್ಷ ಬಾಳಿದವಳು, ಯಾರಿಗೂ ಕಾಣದಂತೆ.
ಕಾಂಪೌಂಡರ್ ಸೂಜಿ ಕುದಿಸಿದ್ದೂ ಉಂಟು, ಮರೆತದ್ದೂ ಉಂಟು.
ಮರೆತ ದಿನ ಯಾರು ಬರೆದಿಟ್ಟಾರು?
ಹತ್ತರ ವಯಸ್ಸಲ್ಲಿ ನನಗೂ ಕಾಮಾಲೆ; ಅದು ಬೇರೆ, ನೀರಿನದು.
ಹೊಳಲ್ಕೆರೆ ಕಡೆಯ ಅಜ್ಜನೊಬ್ಬ ಮುಂಗೈಗೆ ಬರೆ ಎಳೆದ.
ತಾನಾಗೇ ಹೋಗುವ ಕಾಯಿಲೆ ಹೋಯಿತು, ಹೆಸರು ಬರೆಗೆ ಬಂತು.
ಆ ಹೆಸರು ನಂಬಿಕೊಂಡು ಅಪ್ಪನನ್ನೂ
ಅದೇ ಅಜ್ಜನ ಬಾಗಿಲಿಗೆ ಕರೆದೊಯ್ದೆವು.

ಗೋಡೆಯ ಭಿತ್ತಿಪತ್ರದಲ್ಲಿ ಲೆಕ್ಕವಿದೆ:
ಬಿ, ಸಿ ಎರಡೂ ಸೇರಿ, ಜಗತ್ತಿನಲ್ಲಿ ಮೂವತ್ತು ಕೋಟಿ ಮಂದಿ.
ದೇವತೆಗಳಿಗಿಂತ ಮೂರು ಕೋಟಿ ಕಮ್ಮಿ.
ಇದೂ ಅವರ ಹಾಗೇ, ಒಳಗೇ ಕೂತಿದ್ದರೂ
ಬಹಳ ಜನಕ್ಕೆ ಗೊತ್ತಿಲ್ಲ.
ಕೈರೋದಲ್ಲೋ ಲಾಗೋಸಿನಲ್ಲೋ ನನ್ನಂಥವಳೊಬ್ಬಳು
ಈ ಹೊತ್ತು ಹನಿ ಬಿಟ್ಟು ಕಾಯುತ್ತಿದ್ದಾಳು,
ಆಮೇಲೆ ಫೋನ್ ನಂಬರು ಹುಡುಕುತ್ತಾಳೆ.

"ಆಕಿಗೆ ಎಂಟು ತುಂಬೈತ್ರಿ" ಅಂದ.

ಮುಬೀನಾಳ ಗುಳಿಯೂ ಹಳದಿ.
ಅವಳ ಚೀಟಿಯ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ,
ಹೆರಿಗೆ ವಾರ್ಡಿನ ಸಿಸ್ಟರಿಗೆ ಓದಿ ಹೇಳಿದೆ,
ರಾತ್ರಿಪಾಳಿಯವರಿಗೆ ಮತ್ತೆ ಓದಿ ಹೇಳಿದೆ, ಬೈಸಿಕೊಂಡೆ.
ಬೆಳಗಿನ ಜಾವ ಮೂರಕ್ಕೆ, ಹೆಣ್ಣು.
ತಾಸು ತುಂಬುವುದರೊಳಗೆ
ಆ ತೊಡೆಗೊಂದು, ಈ ತೊಡೆಗೊಂದು ಸೂಜಿ.
ಬಸ್ ನಿಲ್ದಾಣಕ್ಕೆ ಕೇಳುವಷ್ಟು ಕೂಗಿದಳಂತೆ.

ವಾರ ಬಿಟ್ಟು ಬಂದ, ಪೊಟ್ಟಣ ಹಿಡಿದು:
ಹಚ್ಚಿದ ಮಂಡಕ್ಕಿ, ಮೇಲೆರಡು ಮಿರ್ಚಿ.
ಕೂಡಿ ಉಂಡರೆ ಬರುವುದಿಲ್ಲ,
ಕೈ ಮುಟ್ಟಿದರೆ ಬರುವುದಿಲ್ಲ,
ದಿನಕ್ಕೆ ಹತ್ತು ಸಲ ಹೇಳುವವಳು ನಾನು.
ಕೈ ತಡೆಯಿತು.
ಒಂದು ಉಸಿರಿನಷ್ಟು.
ಅವನು ನೋಡಿದ.

ಆಮೇಲೆ ಬೊಗಸೆ ತುಂಬ ತಿಂದೆ.
ಖಾರ ಜಾಸ್ತಿಯಾಗಿ ಕಣ್ಣಲ್ಲಿ ನೀರು.
"ನೀರು ಕುಡೀರಿ" ಅಂದ,
ಲೋಟ ಮಾತ್ರ ತಾನು ಮುಟ್ಟಲಿಲ್ಲ.